ದನಿ ಹೋದ ವರ್ಷದ ಪಾಠ

ಶ್ರೀಧರ ನಾಯ್ಕರು ಪಾಠ ಮಾಡುತ್ತಿದ್ದರೆ ಎರಡು ಗೋಡೆಯಾಚೆ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತ ನನಗೂ ಕೇಳಿಸುತ್ತಿತ್ತು. ಹೊನ್ನಾವರ ಮತ್ತು ಕುಮಟಾದ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಚಿರೆಕಲ್ಲಿನ ಬೋಳುಗುಡ್ಡದ ಮೇಲೆ ನಮ್ಮ ಇಂಜಿನಿಯರಿಂಗ್ ಕಾಲೇಜು. ಸಮುದ್ರದ ಗಾಳಿ ಕಿಟಕಿಗಳನ್ನು ಬಡಿಯುತ್ತಲೇ ಇರುತ್ತಿತ್ತು. ಉಳಿದ ಅಧ್ಯಾಪಕರು ಕಿಟಕಿ ಮುಚ್ಚಿಸಿ ಪಾಠ ಶುರು ಮಾಡಿದರೆ ಶ್ರೀಧರ ಸರ್ ಎಲ್ಲವನ್ನೂ ತೆರೆಸಿಡುತ್ತಿದ್ದರು. ಗಾಳಿಯನ್ನು ಮೀರಿ ಹೋಗುವ ದನಿ ಅವರದು. ನಾನು ಕಂಪ್ಯೂಟರ್ ವಿಷಯ ಕಲಿಸುವವನು, ಕತಗಾಲದ ಪ್ರದೀಪ. ತೊಲೆ ಹೇಗೆ ಬಾಗುತ್ತದೆ, ಕಂಬ ಯಾವಾಗ ಸೊಟ್ಟಗಾಗುತ್ತದೆ ಎಂಬುದನ್ನೆಲ್ಲ ಬೇಕೋ ಬೇಡವೋ ಅವರಿಂದಲೇ ಕಲಿತೆ.

ಅವರ ಊರು ಹೊಳನಗದ್ದೆ. ತಂದೆ ಪಾಂಡು ನಾಯ್ಕರು ಮಳೆಗಾಲದಲ್ಲಿ ಗದ್ದೆ, ಬೇಸಿಗೆಯಲ್ಲಿ ಕಲ್ಲು ಕಟ್ಟುವ ಕೆಲಸ ಮಾಡಿಕೊಂಡಿದ್ದವರು. ಮಗನಿಗೆ ಸಣ್ಣವನಿದ್ದಾಗಲೇ ದೊಡ್ಡ ಗಂಟಲು. ಕುಮಟಾ ಸೀಮೆಯಲ್ಲಿ ಎಲ್ಲೇ ವಾಲಿಬಾಲ್ ಪಂದ್ಯ ನಡೆದರೂ ಮೈಕಿನ ಮುಂದೆ ಕೂತು ಆಟದ ವಿವರಣೆ ಕೊಡಲು ಇವರನ್ನೇ ಕರೆಯುತ್ತಿದ್ದರಂತೆ. ಡಿಪ್ಲೊಮಾ ಮುಗಿಸಿ, ಹುಬ್ಬಳ್ಳಿಯಲ್ಲಿ ಬಿ.ಇ. ಓದಿ, ಕೊಂಕಣ ರೈಲ್ವೆಯ ಕೆಲಸ ನಡೆಯುವಾಗ ಒಬ್ಬ ಗುತ್ತಿಗೆದಾರರ ಕೈಕೆಳಗೆ ಹೊನ್ನಾವರದ ಕಡೆ ಕೆಲವು ವರ್ಷ ದುಡಿದರು. ಕಾಂಕ್ರೀಟು ಬೀಳುವ ಸದ್ದಿನ ನಡುವೆ ಕೂಗಿ ಕೂಗಿ ದನಿ ಇನ್ನಷ್ಟು ಹದಕ್ಕೆ ಬಂತು ಎಂದು ಅವರೇ ನಗುತ್ತಿದ್ದರು. ರೈಲು ಓಡಲು ಶುರುವಾದ ಹೊತ್ತಿಗೆ ಅವರು ನಮ್ಮ ಕಾಲೇಜಿಗೆ ಬಂದಾಗಿತ್ತು.

ಪಾಠವೆಂದರೆ ಮಾತು ಎಂದೇ ಅವರು ತಿಳಿದಿದ್ದರು. ಗಂಟೆ ಬಾರಿಸಿದಾಗ ಶುರು, ಇನ್ನೊಂದು ಗಂಟೆಗೆ ಮುಕ್ತಾಯ. ನಡುವೆ ಒಂದು ಕ್ಷಣ ಬಿಡುವಿಲ್ಲ. ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಸರ್ ನಗಿಸುವ ಜಾಗದಲ್ಲಿ ನಗಿಸುತ್ತಿದ್ದರು, ಗದರುವ ಜಾಗದಲ್ಲಿ ಗದರುತ್ತಿದ್ದರು. ಕಾಲೇಜು ಬಿಟ್ಟು ಹೋದವರು ತಿರುಗಿ ಬಂದರೆ ಮೊದಲು ಕೇಳುತ್ತಿದ್ದುದು ಅವರನ್ನೇ.

ಎರಡು ಸಾವಿರದ ಐದರ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಊರಿಗೆಲ್ಲ ಬರುವಂಥ ಜ್ವರ, ವಾರದಲ್ಲಿ ಬಿಟ್ಟಿತು. ದನಿ ಮಾತ್ರ ತಿರುಗಿ ಬರಲಿಲ್ಲ. ಶೀತವೆಂದು ಕಷಾಯ ಕುಡಿದರು, ಬಿಸಿನೀರಿನ ಹಬೆ ತೆಗೆದುಕೊಂಡರು. ಕೊನೆಗೆ ಮಂಗಳೂರಿನ ಗಂಟಲಿನ ವೈದ್ಯರು ನಳಿಕೆ ಇಳಿಸಿ ನೋಡಿ, ಧ್ವನಿಪೆಟ್ಟಿಗೆಯ ಒಂದು ಬದಿಯ ನರ ಕೆಲಸ ನಿಲ್ಲಿಸಿದೆ ಎಂದರು. ಜ್ವರದ ವೈರಾಣುವಿನಿಂದ ಒಮ್ಮೊಮ್ಮೆ ಹೀಗಾಗುತ್ತದೆ. ವರ್ಷದೊಳಗೆ ಸರಿಹೋಗಬಹುದು, ಹೋಗದೆಯೂ ಇರಬಹುದು. ಅಲ್ಲಿಯವರೆಗೆ ಮಾತಾಡಬಾರದು. ಪಿಸುಗುಡುವುದಂತೂ ಇನ್ನೂ ಕೆಟ್ಟದ್ದು.

ಅವರ ಹೆಂಡತಿ ದಿವ್ಯಶ್ರೀ ಕುಮಟಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ್ತಿ. ಮಂಗಳೂರಿನಿಂದ ಬಂದ ಮರುದಿನ ಅವರು ಶಾಲೆಯಿಂದ ಮಕ್ಕಳು ಬರೆಯುವ ಒಂದು ಪಾಟಿ, ಒಂದು ಪೊಟ್ಟಣ ಬಳಪದ ಕಡ್ಡಿ ತಂದು ಗಂಡನ ಕೈಗಿಟ್ಟರು. ಮನೆಯಲ್ಲಿದ್ದ ಮುದಿ ತಾಯಿ ತಿಮ್ಮಿ, ಮಗ ಪಾಟಿಯ ಮೇಲೆ ಬರೆಯುವುದನ್ನು ನೋಡಿ, "ಅಂವಂದು ದನಿ ಹೋದ್ದಲ್ಲ, ಇಷ್ಟು ವರ್ಷ ಕೂಗಿ ಕೂಗಿ ಎಲ್ಲಾ ಖರ್ಚು ಮಾಡ್ಕಂಡಾನೆ" ಎಂದರಂತೆ. ಶ್ರೀಧರ ಸರ್ ನಗಲು ಹೋದರೆ ಗಾಳಿ ಮಾತ್ರ ಬಂತು. ಆ ಸಂಗತಿಯನ್ನು ನನಗೆ ಪಾಟಿಯ ಮೇಲೆ ಬರೆದು ತಿಳಿಸುವಾಗ ಅವರ ಕಣ್ಣಲ್ಲಿ ನೀರಿತ್ತು. ನಗುವೋ ಅಳುವೋ ನಾನು ಕೇಳಲಿಲ್ಲ.

ನಮ್ಮ ಪ್ರಿನ್ಸಿಪಾಲರು ಕೆಟ್ಟ ಮನುಷ್ಯರಲ್ಲ. ಅವರೆದುರು ಎರಡು ದಾರಿಗಳಿದ್ದವು, ಎರಡನ್ನೂ ಹೇಳಿದರು. ಶ್ರೀಧರ ಸರ್ ದೀರ್ಘ ರಜೆ ಹಾಕಬಹುದು, ಇಲ್ಲವೇ ಪರೀಕ್ಷಾ ವಿಭಾಗದ ಕಾಗದ ಪತ್ರ ನೋಡಿಕೊಂಡಿರಬಹುದು. ಪಾಠದ ಚಿಂತೆ ಬೇಡ. ಆ ವರ್ಷಗಳಲ್ಲಿ ವಿಶ್ವವಿದ್ಯಾಲಯದ ಕಡೆಯಿಂದ ಉಪಗ್ರಹದ ಮೂಲಕ ಪಾಠಗಳು ಬರತೊಡಗಿದ್ದವು. ಮಹಡಿಯ ಮೇಲೆ ಒಂದು ಡಿಶ್, ಕೆಳಗೆ ಕತ್ತಲೆ ಕೋಣೆ, ಗೋಡೆಯ ಮೇಲೆ ಪರದೆ. "ಎರಡನೇ ವರ್ಷದವರನ್ನ ಅಲ್ಲಿ ಕೂರಿಸ್ತೇವೆ. ದೊಡ್ಡ ದೊಡ್ಡ ಪ್ರೊಫೆಸರುಗಳ ಪಾಠ, ಮಕ್ಕಳಿಗೆ ಲಾಭವೇ" ಎಂದರು.

ಶ್ರೀಧರ ಸರ್ ಹೋಗಿ ಆ ಕೋಣೆಯ ಹಿಂದಿನ ಬೆಂಚಿನಲ್ಲಿ ಕೂತರು. ನಾನೂ ಜೊತೆಗಿದ್ದೆ. ಪಾಠ ಚೆನ್ನಾಗಿಯೇ ಇತ್ತು. ಪರದೆಯ ಮೇಲಿನ ಪ್ರೊಫೆಸರು ನಿಧಾನವಾಗಿ, ತಪ್ಪಿಲ್ಲದೆ ಹೇಳುತ್ತಿದ್ದರು. ಸಂಶಯವಿದ್ದರೆ ಫೋನ್ ಮಾಡಿ ಕೇಳಿ ಎಂದು ನಂಬರೂ ಕೊಟ್ಟಿದ್ದರು. ನಮ್ಮವರು ಒಬ್ಬರೂ ಎದ್ದು ಫೋನಿನ ಹತ್ತಿರ ಹೋಗಲಿಲ್ಲ. ಬೆಳಿಗ್ಗೆ ಬೇಗ ಎದ್ದು ಭಟ್ಕಳದಿಂದ ರೈಲು ಹಿಡಿದು ಬಂದ ಹುಡುಗರು ಕತ್ತಲೆ ಸಿಕ್ಕ ಕೂಡಲೆ ನಿದ್ದೆಗೆ ಜಾರಿದ್ದರು.

ಹೊರಗೆ ಬಂದು ಅವರು ಪಾಟಿಯ ಮೇಲೆ ಬರೆದರು: "ಇದನ್ನು ನಿಲ್ಲಿಸಿ, ಹಿಂದೆ ಓಡಿಸಿ ನೋಡುವ ಹಾಗಿದ್ದರೆ?"

ಉಪಗ್ರಹದ ಪಾಠವನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿರಲಿಲ್ಲ. ಆದರೆ ನಮ್ಮದೇ ಪಾಠ ಮಾಡಿ ನಮ್ಮ ಸರ್ವರಿನಲ್ಲಿ ಇಟ್ಟರೆ ಆಗುತ್ತದೆ ಎಂದೆ. ಕೆಲವು ಹೊರದೇಶದ ಕಾಲೇಜುಗಳಲ್ಲಿ ಬಳಸುತ್ತಿದ್ದ ಮೂಡಲ್ ಎಂಬ ಉಚಿತ ತಂತ್ರಾಂಶವನ್ನು ನಾನು ಆಗಷ್ಟೇ ಇಳಿಸಿಕೊಂಡು ಪ್ರಯೋಗ ಮಾಡುತ್ತಿದ್ದೆ. ಅದರಲ್ಲಿ ಪಾಠ ಇಡಬಹುದು, ಮಕ್ಕಳು ಪ್ರಶ್ನೆ ಬರೆಯಬಹುದು, ಉತ್ತರ ಎಲ್ಲರಿಗೂ ಕಾಣುತ್ತದೆ. ಅವರು ಬರೆದರು: "ಮೂಡಲ್ ಅಂದರೆ ಪೂರ್ವ ದಿಕ್ಕಾ?" ಜ್ವರ ಬಂದ ಮೇಲೆ ಅವರು ಮಾಡಿದ ಮೊದಲ ತಮಾಷೆ ಅದು.

ಉಪಗ್ರಹದ ಪಾಠದ ಬದಲು ಹೀಗೆ ನಮ್ಮದೇ ಪಾಠ ನಡೆಸಲು ಪ್ರಿನ್ಸಿಪಾಲರು ಒಂದು ಸೆಮಿಸ್ಟರಿನ ಮಟ್ಟಿಗೆ ಒಪ್ಪಿದರು.

ಚಿತ್ರ, ಬರಹ ಎಲ್ಲ ಅವರದೇ. ಆದರೆ ಬರಿಯ ಬರಹವಾದರೆ ಅದು ಪುಸ್ತಕಕ್ಕಿಂತ ಬೇರೆಯಲ್ಲ, ಒಂದು ದನಿ ಬೇಕು ಎಂದು ಅವರ ಹಟ. ನಾನು ಓದಿಕೊಡುತ್ತೇನೆ ಎಂದೆ. ನನ್ನ ಓದು ಕೇಳಿ ಅವರು ಮುಖ ಸಿಂಡರಿಸಿದರು. ರೈಲ್ವೆ ಸ್ಟೇಷನ್ನಿನ ಘೋಷಣೆಯಂತಿತ್ತಂತೆ. ಹಾಗೆ ಆ ಕೆಲಸ ದಿವ್ಯಶ್ರೀ ಅವರ ಪಾಲಿಗೆ ಬಂತು. ಭಾನುವಾರ ಕುಮಟಾದ ಅವರ ಮನೆಗೆ ನಾನು ಒಂದು ಹಳೆಯ ಕಂಪ್ಯೂಟರ್, ಒಂದು ಮೈಕು ಹೊತ್ತುಕೊಂಡು ಹೋದೆ.

ದಿವ್ಯಶ್ರೀ ಅವರಿಗೆ ಇಂಜಿನಿಯರಿಂಗಿನ ಗಂಧವಿಲ್ಲ. ಎರಡನೇ ಕ್ಲಾಸಿನ ಮಕ್ಕಳಿಗೆ ಕತೆ ಹೇಳಿ ಅಭ್ಯಾಸವಾದ ದನಿಯಲ್ಲಿ ಓದತೊಡಗಿದರು. "ಒಂದು ತುದಿಯನ್ನು ಗೋಡೆಗೆ ಬಿಗಿದು ಇನ್ನೊಂದು ತುದಿಯನ್ನು ಹಾಗೇ ಬಿಟ್ಟ ತೊಲೆಗೆ ಕ್ಯಾಂಟಿಲಿವರ್ ಎನ್ನುತ್ತಾರೆ..." ಇನ್ನೆರಡು ಸಾಲು ಓದಿ ನಿಲ್ಲಿಸಿಬಿಟ್ಟರು.

"ಇಲ್ಲಿ ನಂಗೆ ತಿಳೀಲಿಲ್ಲ. ಭಾರ ಇರೂದು ತುದಿಯಲ್ಲಿ. ಮುರಿಯೂದು ಮಾತ್ರ ಬುಡದಲ್ಲಿ ಅಂತ ಬರ್ದಿದ್ದೀರಿ. ಅದೆಂತಕೆ?"

ಶ್ರೀಧರ ಸರ್ ಓದಿ ಮುಗಿಸು ಎಂಬಂತೆ ಕೈ ಆಡಿಸಿದರು.

"ತಿಳೀದೇ ಹೋದ್ದನ್ನ ನಾ ಹೆಂಗೆ ಓದೂದು? ನನ್ನ ದನಿಯಲ್ಲೇ ಗೊತ್ತಾಗ್ತದೆ ನಂಗೆ ತಿಳೀಲಿಲ್ಲ ಅಂತ."

ಶ್ರೀಧರ ಸರ್ ಎದ್ದು ಒಳಗೆ ಹೋದರು. ಗೆರೆ ಎಳೆಯುವ ಮರದ ಅಡಿಪಟ್ಟಿಯನ್ನು ತಂದು, ಒಂದು ತುದಿಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿಯಲು ಹೆಂಡತಿಗೆ ಸನ್ನೆ ಮಾಡಿದರು. ಹೊರಚಾಚಿದ ತುದಿಗೆ ಮನೆಯ ಕೀಲಿಕೈ ಗೊಂಚಲು ತೂಗಿಬಿಟ್ಟರು. ಒತ್ತಿ ಹಿಡಿದ ತುದಿ ಮೇಲೇಳಲು ನೋಡಿತು. ದಿವ್ಯಶ್ರೀ ಅವರ ಹೆಬ್ಬೆರಳು ಬಿಳಿಚಿಕೊಂಡಿತು. ಅದೇ ಗೊಂಚಲನ್ನು ಮೇಜಿನ ಹತ್ತಿರಕ್ಕೆ ಸರಿಸಿದರು. ಬೆರಳಿಗೆ ಕೆಲಸವೇ ಇಲ್ಲದಂತಾಯಿತು. ಭಾರ ಅಷ್ಟೇ ಆದರೂ ದೂರ ಹೋದಷ್ಟೂ ಬುಡಕ್ಕೆ ತ್ರಾಸು ಹೆಚ್ಚು. ಬಾಗಿಸುವ ಈ ತ್ರಾಸಿಗೇ ಇಂಗ್ಲಿಷಿನಲ್ಲಿ ಬೆಂಡಿಂಗ್ ಮೊಮೆಂಟ್ ಎನ್ನುವುದು.

"ಆತು, ಈಗ ತಿಳೀತು" ಎಂದರು ದಿವ್ಯಶ್ರೀ. "ಹಂಗಾದ್ರೆ ಮೊದ್ಲು ಇದನ್ನೇ ಬರೀರಿ. ಸೂತ್ರ ಆಮೇಲೆ ಬರ್ಲಿ."

ಅವತ್ತು ಒಂದು ಪಾಠವೂ ಮುಗಿಯಲಿಲ್ಲ. ಬರೆದದ್ದನ್ನು ಶ್ರೀಧರ ಸರ್ ಮತ್ತೆ ಬರೆದರು. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು: ಹೆಂಡತಿ ನಿಲ್ಲಿಸಿದಲ್ಲಿ ಗಂಡ ತಿದ್ದಬೇಕು. ವಿವರಣೆ ಕನ್ನಡದಲ್ಲಿ, ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲಿ, ಪರೀಕ್ಷೆಯಲ್ಲಿ ಬರೆಯಬೇಕಾದ ವಾಕ್ಯಗಳು ಪರದೆಯ ಮೇಲೆ ಇಂಗ್ಲಿಷಿನಲ್ಲೇ. ಒಂದು ಪಾಠದ ನಡುವೆ ಬಾಗಿಲಿಗೆ ಬಂದ ಮೀನಿನವಳು "ಬಂಗಡೇ..." ಎಂದು ಕೂಗಿದ್ದು ಹಾಗೇ ಉಳಿದುಕೊಂಡಿತು. ಅದನ್ನು ತೆಗೆಯಲು ನನಗೆ ಬರಲಿಲ್ಲ. ಮಕ್ಕಳು ಆ ಪಾಠಕ್ಕೆ ಬಂಗಡೆ ಪಾಠವೆಂದೇ ಹೆಸರಿಟ್ಟರು.

ಮನೆಯ ಪಾಠ ಹೀಗೆ ಸುಸೂತ್ರವಾಯಿತು. ಕಷ್ಟವಿದ್ದದ್ದು ತರಗತಿಯಲ್ಲಿ. ಪಾಠವೆಲ್ಲ ಕಂಪ್ಯೂಟರಿಗೆ ಹೋದ ಮೇಲೆ, ಮಾತಿಲ್ಲದ ಮಾಸ್ತರು ಒಂದು ಗಂಟೆ ಏನು ಮಾಡಬೇಕು? ಅವರು ಒಳಗೆ ಹೋಗಿ ಹಲಗೆಯ ಮೇಲೆ ಒಂದು ಲೆಕ್ಕ ಬರೆದರು. ನಾಲ್ಕು ನಾಲ್ಕು ಜನ ಸೇರಿ ಬಿಡಿಸಿ ಎಂದು ಅದರ ಕೆಳಗೆ ಬರೆದು, ಪಾಟಿ ಹಿಡಿದು ಬೆಂಚಿನ ನಡುವೆ ತಿರುಗತೊಡಗಿದರು. ಮೊದಲ ವಾರಗಳು ಸಂತೆಯಂತಿದ್ದವು. ಪಕ್ಕದ ಕೋಣೆಯವರು ಬಂದು ಬಾಗಿಲು ಹಾಕಿಕೊಂಡು ಹೋದರು. ಲೆಕ್ಕದ ಮಾತಿಗಿಂತ ಕ್ರಿಕೆಟ್ಟಿನ ಮಾತೇ ಹೆಚ್ಚು. ಸುಮ್ಮನಿರಿ ಎಂದು ಗದರುವ ದನಿ ಅವರಲ್ಲಿರಲಿಲ್ಲ. ಡಸ್ಟರಿನಿಂದ ಮೇಜು ಬಡಿದು ಬಡಿದು ಸುಸ್ತಾಗಿ ಬಂದು ಸ್ಟಾಫ್ ರೂಮಿನಲ್ಲಿ ಕೂತು ಅವರು ಬರೆದದ್ದು ನನಗೆ ನೆನಪಿದೆ: "ನಾನು ಬೇಕಾಗಿಯೇ ಇಲ್ಲ."

ಹಾಗಲ್ಲ ಎಂದು ತೋರಿಸಿದ್ದು ಮೂಡಲ್‌ನಲ್ಲಿ ಮಕ್ಕಳು ಪ್ರಶ್ನೆ ಬರೆಯುವ ಚರ್ಚೆಯ ಪುಟ. ಚಂದನಾ ಎಂಬ ಹುಡುಗಿ ಅಪ್ಸರಕೊಂಡದ ಹತ್ತಿರದ ಊರಿನವಳು, ಹತ್ತನೇ ತನಕ ಕನ್ನಡದಲ್ಲೇ ಓದಿದವಳು. ತರಗತಿಯಲ್ಲಿ ಅವಳ ಬಾಯಿಂದ ಹಾಜರಿ ಹೇಳುವುದು ಬಿಟ್ಟು ಬೇರೆ ಶಬ್ದ ಯಾರೂ ಕೇಳಿರಲಿಲ್ಲ. ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಕೇಳಿದ್ದಳು: "ಸರ್, ನೆಗೆಟಿವ್ ಮೊಮೆಂಟ್ ಅಂದರೆ ಕಡಿಮೆ ಇದೆ ಅಂತನಾ, ಉಲ್ಟಾ ಇದೆ ಅಂತನಾ?"

ಶ್ರೀಧರ ಸರ್ ಆ ಸಾಲನ್ನು ನನಗೆ ತೋರಿಸಲು ಓಡಿಬಂದರು. ಇಷ್ಟು ವರ್ಷ ಹಲಗೆಯ ಮೇಲೆ ಮೈನಸ್ ಚಿಹ್ನೆ ಹಾಕುತ್ತ ಬಂದಿದ್ದಾರೆ. ಅದನ್ನು ಯಾರಾದರೂ ಅಳತೆ ಕಡಿಮೆ ಎಂದು ತಿಳಿದಿರಬಹುದು ಎಂದು ಅವರಿಗೆ ಹೊಳೆದಿರಲೇ ಇಲ್ಲ. ಉಲ್ಟಾ ಎಂದು ಉತ್ತರ ಬರೆದರು. ಕೆಳಗೆ ಬಾಗಿದ ತೊಲೆ ನಗುವ ಬಾಯಿ, ಮೇಲೆ ಉಬ್ಬಿದ್ದು ಅಳುವ ಬಾಯಿ ಎಂದು ಎರಡು ಚಿತ್ರ ಹಾಕಿದರು. ಸಂಜೆಯೊಳಗೆ ಇನ್ನೂ ಹಲವರು, ತಮಗೂ ಅದೇ ಸಂಶಯವಿತ್ತು ಎಂದು ಬರೆದಿದ್ದರು. ಭಟ್ಕಳದ ಮುಝಮ್ಮಿಲ್ ಎಂಬ ಹುಡುಗ, ಮೇಡಂ ಅವರ ಕನ್ನಡ ಕೆಲವು ಕಡೆ ತನಗೆ ಹಿಡಿಯಲಾರದಷ್ಟು ವೇಗವಾಗಿದೆ, ಪರದೆಯ ಮೇಲೆ ಇಂಗ್ಲಿಷ್ ಸಾಲು ಇನ್ನಷ್ಟು ಇರಲಿ ಎಂದು ಕೇಳಿದ್ದ. ಅದೂ ಆಯಿತು.

ಅಲ್ಲಿಂದ ತರಗತಿಯ ಲೆಕ್ಕಗಳು ಆ ಪ್ರಶ್ನೆಗಳಿಂದಲೇ ಹುಟ್ಟತೊಡಗಿದವು. ಯಾರು ಎಲ್ಲಿ ಸಿಕ್ಕಿಬಿದ್ದಿದ್ದಾರೆ ಎಂಬುದು ಅವರಿಗೆ ಒಳಗೆ ಕಾಲಿಡುವ ಮೊದಲೇ ಗೊತ್ತಿರುತ್ತಿತ್ತು. ನೇರ ಆ ಬೆಂಚಿಗೇ ಹೋಗುತ್ತಿದ್ದರು. ಗದ್ದಲ ನಿಲ್ಲಲಿಲ್ಲ, ಆದರೆ ಗದ್ದಲದ ವಿಷಯ ಬದಲಾಯಿತು. ನಾವಿಬ್ಬರೂ ಗೆದ್ದೆವು ಎಂದುಕೊಂಡೆವು.

ಮೊದಲ ಟೆಸ್ಟಿನ ಉತ್ತರಪತ್ರಿಕೆ ಹಂಚಿದ ಮಧ್ಯಾಹ್ನ ದೇವಪ್ಪ ಸ್ಟಾಫ್ ರೂಮಿಗೆ ಬಂದ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವನು, ಶರಾವತಿಯ ದಂಡೆಗುಂಟ ಒಳಗೆ ಹೋದರೆ ಅವನ ಊರು. ಪತ್ರಿಕೆಯನ್ನು ಮೇಜಿನ ಮೇಲಿಟ್ಟು ನಿಂತ. ಬಹುತೇಕ ಖಾಲಿ ಪತ್ರಿಕೆ.

ಶ್ರೀಧರ ಸರ್ ಪಾಟಿಯಲ್ಲಿ "ಪಾಠ ನೋಡಲಿಲ್ವಾ?" ಎಂದು ಬರೆದು ತೋರಿಸಿದರು.

"ಎಲ್ಲಿ ನೋಡೂದು ಸರ್?" ಎಂದ ದೇವಪ್ಪ. ಅವನಿಗೆ ಸಿಟ್ಟು ಬಂದಿತ್ತು. "ನೀವು ಪಾಠ ತಕಂಡು ಹೋಗಿ ಕಂಪ್ಯೂಟರಲ್ಲಿ ಇಟ್ರಿ. ಲ್ಯಾಬು ತೆಗಿಯೂದು ಕ್ಲಾಸು ಮುಗಿದ್ಮೇಲೆ. ನಮ್ಮೂರ ಬಸ್ಸು ಹೊರಡೂದೂ ಆಗ್ಲೇ. ಅದು ತಪ್ಪಿದ್ರೆ ಮತ್ತೆ ಬಸ್ಸಿಲ್ಲ. ಕ್ಲಾಸಿಗೆ ಬಂದ್ರೆ ಎಲ್ಲರೂ ನೋಡ್ಕಂಡು ಬಂದದ್ದರ ಮೇಲೆ ಮಾತಾಡ್ತಾರೆ. ನಾ ನಡುವೆ ಕೂತು ಎಂತ ಮಾಡೂದು?"

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಸರ್ ಪಾಟಿಯಲ್ಲಿ ಬರೆದರು.

"ಹೇಳೂಕೆ ಅಂತ ನೀವು ಮಾಡಿದ ಪುಟವೂ ಅದರೊಳಗೇ ಅದೆಯಲ್ಲ ಸರ್."

ನಾನು ಕಿಟಕಿಯ ಕಡೆ ತಿರುಗಿದೆ. ಶ್ರೀಧರ ಸರ್ ಪಾಟಿ ಒರೆಸಿ ಮೇಜಿನ ಮೇಲಿಟ್ಟರು. ಎದ್ದು ಹುಡುಗನ ಹೆಗಲ ಮೇಲೆ ಕೈಯಿಟ್ಟು ಬಾಗಿಲ ತನಕ ಹೋದರು. ಬಸ್ಸಿನ ಹೊತ್ತಾಗಿತ್ತು.

ಮರುದಿನ ತರಗತಿಯಲ್ಲಿ ಅವರು ಹಲಗೆಯ ಮೇಲೆ ದೊಡ್ಡದಾಗಿ ಬರೆದು ಕೇಳಿದರು: ಯಾರ್ಯಾರಿಗೆ ಲ್ಯಾಬಿಗೆ ಬರಲು ಆಗುತ್ತಿಲ್ಲ? ಕೈಗಳು ಎದ್ದವು, ನಾವು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು. ಕೆಲವು ಹುಡುಗಿಯರು ಲ್ಯಾಬಿನಲ್ಲಿ ಜಾಗ ಹಿಡಿಯಲು ಹುಡುಗರೊಂದಿಗೆ ನೂಕಾಡಲಾರದೆ ಬಿಟ್ಟಿದ್ದರು. ಕೆಲವರು ಕುಮಟಾದ ಸೈಬರ್ ಸೆಂಟರಿನಲ್ಲಿ ನೋಡಲು ಹೋಗಿ, ನಮ್ಮ ಸರ್ವರ್ ಕಾಲೇಜಿನ ಹೊರಗೆ ತೆರೆಯುವುದಿಲ್ಲ ಎಂದು ತಿಳಿದು ತಿರುಗಿ ಬಂದಿದ್ದರು. ಅದು ನನಗೇ ತಿಳಿದಿರಬೇಕಿತ್ತು.

ಆ ವಾರ ಬಹಳ ಸಂಗತಿ ಬದಲಾಯಿತು. ಬೆಳಗಿನ ರೈಲು ಮತ್ತು ಬಸ್ಸುಗಳಲ್ಲಿ ಬರುವವರು ಮೊದಲ ಗಂಟೆಗಿಂತ ಸಾಕಷ್ಟು ಮೊದಲೇ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ಲ್ಯಾಬಿನ ಕೀಲಿಕೈ ನಾನಿಟ್ಟುಕೊಂಡು ಆ ಹೊತ್ತಿಗೆ ತೆಗೆಯತೊಡಗಿದೆ. ದಿವ್ಯಶ್ರೀ ಓದಿದ್ದರ ಬರಹವನ್ನು ಝೆರಾಕ್ಸ್ ಮಾಡಿ ಲೈಬ್ರರಿಯಲ್ಲಿಟ್ಟೆವು. ತರಗತಿಗೆ ಒಂದು ಟಿವಿ ತಂದು, ಆ ದಿನದ ಪಾಠದ ಮುಖ್ಯ ಭಾಗವನ್ನು ಮೊದಲು ಎಲ್ಲರೂ ಒಟ್ಟಿಗೆ ನೋಡುವಂತೆ ಮಾಡಿದೆವು. ಶ್ರೀಧರ ಸರ್ ರಿಮೋಟ್ ಹಿಡಿದು ನಡುನಡುವೆ ನಿಲ್ಲಿಸಿ, ಕೈ ಎತ್ತಿ ಕಾಯುತ್ತಿದ್ದರು. ಕಾಯುವುದು ಅವರಿಗೆ ಮೊದಲು ಬರುತ್ತಿರಲಿಲ್ಲ. ದನಿ ಇದ್ದಾಗ, ಯಾರಿಗಾದರೂ ಸಂಶಯವಿದೆಯೇ ಎಂದು ಕೇಳಿ ಉತ್ತರಕ್ಕೆ ಮೊದಲೇ ಮುಂದೆ ಹೋಗುತ್ತಿದ್ದರು. ಈಗ ಬೇರೆ ದಾರಿಯಿರಲಿಲ್ಲ. ಆ ಮೌನ ತಡೆಯಲಾರದೆ ಯಾರಾದರೊಬ್ಬರು ಬಾಯಿ ತೆರೆಯುತ್ತಿದ್ದರು.

ಮಳೆ ನಿಂತ ಮೇಲೆ ಒಂದು ದಿನ ಇಡೀ ತರಗತಿಯನ್ನು ಗುಡ್ಡದ ಕೆಳಗಿನ ಹಳ್ಳಕ್ಕೆ ಕರೆದೊಯ್ದರು. ಅಲ್ಲಿ ನೀರು ದಾಟಲು ಮರದ ದಿಮ್ಮಿ ಹಾಸಿದ ಒಂದು ಸಂಕವಿತ್ತು, ಕೆಳಗೆ ಮೊಣಕಾಲಷ್ಟು ನೀರು. ಎರಡು ದಡದ ನಡುವೆ ಹುರಿ ಎಳೆದು ಕಟ್ಟಿಸಿದರು. ಒಬ್ಬೊಬ್ಬರಾಗಿ ಸಂಕದ ನಡುವೆ ನಿಲ್ಲಬೇಕು, ದಿಮ್ಮಿ ಹುರಿಯಿಂದ ಎಷ್ಟು ಕೆಳಗಿಳಿಯಿತು ಎಂದು ನೀರಿಗಿಳಿದವರು ಅಳೆಯಬೇಕು. ಪುಸ್ತಕದ ಸೂತ್ರ ಹಾಕಿ ಬಂದ ಉತ್ತರಕ್ಕೂ ಅಳತೆಗೂ ಹೊಂದಲಿಲ್ಲ. ಯಾಕೆ ಹೊಂದಲಿಲ್ಲ ಎಂದು ಅಲ್ಲೇ ವಾದ ಶುರುವಾಯಿತು. ಮರ ಹಸಿಯಾಗಿದೆ ಎಂದು ಒಬ್ಬರು, ದಿಮ್ಮಿ ಎರಡು ಕಡೆ ಒಂದೇ ದಪ್ಪವಿಲ್ಲ ಎಂದು ಇನ್ನೊಬ್ಬರು. ಒಂದು ಬದಿಯ ಮಣ್ಣೇ ಕುಸಿದಿದೆ, ದಿಮ್ಮಿ ಕೂತ ಜಾಗವೇ ಸರಿಯಿಲ್ಲ ಎಂದು ಚಂದನಾ ಜೋರಾಗಿ ಹೇಳಿದಳು. ಅವಳ ದನಿ ಹೀಗಿದೆ ಎಂದು ಅವಳ ಸಹಪಾಠಿಗಳಿಗೆ ಅವತ್ತೇ ತಿಳಿದದ್ದು. ಆ ವಾದ ಚರ್ಚೆಯ ಪುಟದಲ್ಲಿ ಮುಂದಿನ ವಾರದ ತನಕ ನಡೆಯಿತು. ದೇವಪ್ಪ ಬೆಳಿಗ್ಗೆ ಲ್ಯಾಬಿನಲ್ಲಿ ಕೂತು, ಎರಡು ಬೆರಳಲ್ಲಿ ಟೈಪು ಮಾಡಿ, ಅದಕ್ಕೆ ನಾಲ್ಕು ಸಾಲು ಸೇರಿಸಿದ.

ವಿಶ್ವವಿದ್ಯಾಲಯದ ಪರೀಕ್ಷೆಯ ಫಲಿತಾಂಶ ಬಂದಾಗ ಪವಾಡವೇನೂ ಆಗಿರಲಿಲ್ಲ. ಹಿಂದಿನ ವರ್ಷಕ್ಕಿಂತ ಹೆಚ್ಚು ಜನ ಪಾಸಾಗಿದ್ದರು, ಆದರೆ ಕುಣಿದಾಡುವಷ್ಟಲ್ಲ. ಚಂದನಾ ಒಳ್ಳೆಯ ಅಂಕ ತೆಗೆದಳು. ದೇವಪ್ಪ ಸ್ವಲ್ಪದರಲ್ಲಿ ಫೇಲಾದ. ಮುಂದಿನ ಸಲ ಪಾಸಾದ. ಆದರೆ ಶ್ರೀಧರ ಸರ್ ಆ ಮೊದಲ ಫೇಲನ್ನು ಮರೆಯಲಿಲ್ಲ. "ಅಂವಂಗೆ ಮೊದಲ ತಿಂಗಳು ಹಾಳಾದ್ದು ನನ್ನಿಂದ" ಎಂದು ಬಹಳ ಸಲ ಹೇಳಿದರು. ಹೇಳಿದರು ಎಂದೆ, ಆ ಹೊತ್ತಿಗೆ ದನಿ ಸ್ವಲ್ಪ ಸ್ವಲ್ಪ ಬರತೊಡಗಿತ್ತು.

ಮೊದಲಿನ ದನಿಯಲ್ಲ. ಗೊಗ್ಗರು, ಒಡಕು, ಹೆಚ್ಚು ಹೊತ್ತು ಬಾಳದು. ಆದರೂ ದನಿ. ಮುಂದಿನ ವರ್ಷದ ಹೊಸ ತಂಡಕ್ಕೆ ಮೊದಲ ದಿನ ಅವರು ಕಂಪ್ಯೂಟರ್, ಟಿವಿ ಯಾವುದನ್ನೂ ಮುಟ್ಟದೆ ಗಂಟೆಯಿಡೀ ಮಾತಾಡಿ ಬಂದರು. ಮುಖ ಬೆವರಿತ್ತು, ಖುಷಿಯಿತ್ತು. ಬಂದು ಕುರ್ಚಿಯಲ್ಲಿ ಕೂತು ನೀರು ಕುಡಿದರು. ಸ್ವಲ್ಪ ಹೊತ್ತಿನ ಮೇಲೆ ಖುಷಿ ಇಳಿದದ್ದು ನನಗೆ ಕಂಡಿತು.

"ಎಂತ ಆತು ಸರ್?" ಎಂದು ಕೇಳಿದೆ.

"ಎಲ್ಲರೂ ಸುಮ್ನೆ ಕೂತು ಬರ್ಕಂಡ್ರು ಮಾರಾಯ."

"ಒಳ್ಳೇದೇ ಅಲ್ವಾ?"

"ಒಂದು ಪ್ರಶ್ನೆ ಬರ್ಲಿಲ್ಲ. ನಾ ಕೇಳೂಕೆ ಬಿಡ್ಲೂ ಇಲ್ಲ. ಮಾತಾಡೂದಂದ್ರೆ ನಂಗೆ ಅಷ್ಟು ಇಷ್ಟ ನೋಡು, ಎದುರಿಗೆ ಇದ್ದವರು ಮರೆತೇ ಹೋಗ್ತಾರೆ."

ಮರುದಿನದಿಂದ ಮತ್ತೆ ಹಳೆಯ ಕ್ರಮಕ್ಕೆ, ಅಂದರೆ ಹೊಸ ಕ್ರಮಕ್ಕೆ ಬಂದರು. ದಿವ್ಯಶ್ರೀ ಅವರ ದನಿಯ ಪಾಠ ಮೊದಲು, ಬೆಂಚಿನ ಕೆಲಸ ನಂತರ, ಕೊನೆಗೆ ಮಾತ್ರ ಅವರ ಒಡಕು ದನಿಯ ಕೆಲವು ಮಾತು. ಪಾಠ ತಾವೇ ಮತ್ತೆ ಓದಿ ರೆಕಾರ್ಡ್ ಮಾಡಬಹುದಿತ್ತು; ಮಾಡಲಿಲ್ಲ. ಒಮ್ಮೆ ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ದಿವ್ಯಶ್ರೀ ತರಕಾರಿ ಚೀಲ ಹಿಡಿದು ಕಂಡಕ್ಟರನನ್ನು ಏನೋ ಕೇಳಿದಾಗ, ಹಿಂದಿನಿಂದ ಇಬ್ಬರು ಹುಡುಗರು ಬಂದು ಕೈಮುಗಿದು, "ಮೇಡಂ, ನೀವು ಬೆಂಡಿಂಗ್ ಮೊಮೆಂಟ್ ಮೇಡಂ ಅಲ್ವಾ?" ಎಂದರಂತೆ. ಮುಖ ನೋಡಿದವರಲ್ಲ, ದನಿಯಲ್ಲೇ ಗುರುತು ಹಿಡಿದದ್ದು. ಎರಡನೇ ಕ್ಲಾಸಿನ ಮಕ್ಕಳನ್ನು ಬಿಟ್ಟರೆ ತನಗೂ ಶಿಷ್ಯರಿದ್ದಾರೆ ಎಂದು ಅವರಿಗೆ ಅವತ್ತು ಬಹಳ ಸಂತೋಷವಾಗಿತ್ತು.

ಎರಡು ಸಾವಿರದ ಎಂಟರ ಹೊತ್ತಿಗೆ ಮನೆ ಮನೆಗೆ ಬ್ರಾಡ್‌ಬ್ಯಾಂಡ್ ಬರತೊಡಗಿತ್ತು. ನಮ್ಮ ಸರ್ವರ್ ಕಾಲೇಜಿನ ಹೊರಗೂ ತೆರೆಯುವಂತೆ ಮಾಡಿದ್ದೆ. ಆಗ ಬಂತು ಇನ್ನೊಂದು ಮಾತು. ಆಡಳಿತ ಮಂಡಳಿಯಲ್ಲಿ ಗುರುದತ್ತ ಎಂಬ ಹೊಸ ಸದಸ್ಯರು, ವ್ಯವಹಾರ ತಿಳಿದ ಮನುಷ್ಯ, ನೇರ ಮಾತಿನವರು. ಸಭೆಯಲ್ಲಿ ಕೇಳಿದರು: "ಪಾಠ ಎಲ್ಲಾ ಕಂಪ್ಯೂಟರಲ್ಲೇ ಇದೆ ಅಂದ್ಮೇಲೆ ಎರಡು ಸೆಕ್ಷನ್ ಕೂಡಿಸಿ ಒಂದೇ ಕ್ಲಾಸ್ ಮಾಡಬಹುದಲ್ಲ? ದೊಡ್ಡ ಹಾಲ್ ಇದೆ. ಇನ್ನೊಬ್ಬ ಲೆಕ್ಚರರು ಬೇರೆ ಕೆಲಸಕ್ಕೆ ಸಿಕ್ತಾರೆ."

ಉಳಿದವರು ತಲೆಯಾಡಿಸಿದರು. ಕೇಳಲು ಸರಿಯಾಗಿಯೇ ಇತ್ತು. ಶ್ರೀಧರ ಸರ್ ಮಾತ್ರ, "ನೀವು ಒಂದು ಸಲ ಕ್ಲಾಸಿಗೆ ಬನ್ನಿ. ನೋಡಿ ಆಮೇಲೆ ಹೇಳಿ" ಎಂದರು.

ಗುರುದತ್ತ ಬಂದರು. ಅಧ್ಯಾಪಕರ ಕುರ್ಚಿ ಬೇಡವೆಂದು ಮಕ್ಕಳ ನಡುವೆ ಒಂದು ಬೆಂಚಿನ ತುದಿಗೆ ಕೂತರು. ಶ್ರೀಧರ ಸರ್ ಒಬ್ಬ ಹುಡುಗನ ಹಿಂದೆ ಹೋಗಿ ನಿಂತರು. ಅವನ ಚಿತ್ರ ಅರ್ಧದಿಂದ ತಪ್ಪು ದಾರಿ ಹಿಡಿದಿತ್ತು. ತಪ್ಪು ಎನ್ನಲಿಲ್ಲ, ಬಹಳ ಹೊತ್ತು ನೋಡಿ, "ಇಲ್ಲಿ ಎಂತ ಯೋಚ್ನೆ ಮಾಡ್ದೆ, ಹೇಳು" ಎಂದರು. ಹುಡುಗ ಹೇಳುತ್ತ ಹೋದ. ಹೇಳುತ್ತಿರುವಾಗಲೇ ನಾಲಿಗೆ ಕಚ್ಚಿಕೊಂಡು ರಬ್ಬರು ಎತ್ತಿದ. ಅವರು ಮುಂದಿನ ಬೆಂಚಿಗೆ ಸರಿದರು. ಗಂಟೆ ಬಾರಿಸುವ ಹೊತ್ತಿಗೂ ಕೊನೆಯ ಎರಡು ಬೆಂಚುಗಳಿಗೆ ಹೋಗಲು ಅವರಿಗೆ ಆಗಿರಲಿಲ್ಲ.

ಹೊರಗೆ ಬಂದು ಗುರುದತ್ತ ಕೇಳಿದರು: "ಇವರಷ್ಟೇ ಇದ್ದಾಗ್ಲೇ ನಿಮಗೆ ಎಲ್ಲರ ಹತ್ರ ಹೋಗೂಕಾಗ್ಲಿಲ್ಲ, ಅಲ್ವಾ?"

"ಇಲ್ಲ. ನಾಳೆ ಅವರಿಂದ ಶುರು ಮಾಡೂದು."

"ಎರಡು ಸೆಕ್ಷನ್ ಆದ್ರೆ?"

"ಆದ್ರೆ ಟಿವಿ ಹಾಕಿ ಬಿಟ್ಟು, ನಾ ಕ್ಯಾಂಟೀನಿಗೆ ಹೋಗ್ಬಹುದು."

ಗುರುದತ್ತ ನಕ್ಕು ಹೋದರು. ಆ ವರ್ಷ ಸೆಕ್ಷನ್ನುಗಳನ್ನು ಕೂಡಿಸಲಿಲ್ಲ. ಮುಂದಿನ ವರ್ಷ ಬೇರೆ ಎರಡು ವಿಷಯಗಳಲ್ಲಿ ಕೂಡಿಸಿದರು, ಶ್ರೀಧರ ಸರ್ ವಿಷಯವನ್ನು ಮುಟ್ಟಲಿಲ್ಲ. ಅದರ ಬದಲಿಗೆ ಅವರ ಮೇಲೆ ಇನ್ನೊಂದು ಪ್ರಯೋಗಶಾಲೆಯ ಹೊಣೆ ಬಿತ್ತು. ಅದನ್ನು ಅವರು ಗೊಣಗುತ್ತಲೇ ಹೊತ್ತರು.

ಅವರನ್ನು ನೋಡಿ ನಮ್ಮಲ್ಲಿ ಕೆಲವರು ತಮ್ಮ ಪಾಠಗಳನ್ನೂ ಕಂಪ್ಯೂಟರಿಗೆ ಹಾಕಿದರು. ಹೆಚ್ಚಿನವರು ಒಂದೆರಡು ಅಧ್ಯಾಯಕ್ಕೆ ಸುಸ್ತಾದರು. ಬಿಟ್ಟವರನ್ನು ಶ್ರೀಧರ ಸರ್ ಏನೂ ಅನ್ನಲಿಲ್ಲ. ಹೊಸದಾಗಿ ಸೇರಿದ ಶ್ರೇಯಾ ಎಂಬ ಲೆಕ್ಚರರು ಮಾತ್ರ ಬಹಳ ಹುರುಪಿನಿಂದ, ರಜೆಯಲ್ಲೇ ಇಡೀ ಸೆಮಿಸ್ಟರಿನ ಪಾಠ ಸಿದ್ಧಮಾಡಿಕೊಂಡು ಅವರ ಸಲಹೆ ಕೇಳಲು ಬಂದರು.

"ಸರ್, ಕಂಪ್ಯೂಟರಿಗೆ ಎಷ್ಟು ಪಾಲು ಬಿಡೋದು, ಕ್ಲಾಸಿಗೆ ಎಷ್ಟು ಇಟ್ಟುಕೊಳ್ಳೋದು? ನಿಮ್ಮ ಲೆಕ್ಕ ಹೇಳಿದ್ರೆ ಹಾಗೇ ಮಾಡ್ತೇನೆ."

ಶ್ರೀಧರ ಸರ್ ಅವರು ತಂದಿದ್ದ ಪಾಠಗಳನ್ನೆಲ್ಲ ಒಂದೊಂದಾಗಿ ನೋಡಿದರು. ಚೆನ್ನಾಗಿದೆ ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಯಾವ ಮಕ್ಕಳು ಯಾವ ಊರಿಂದ ಬರುತ್ತಾರೆ, ಯಾವ ಬಸ್ಸಿಗೆ ಹೋಗುತ್ತಾರೆ ಎಂದು ಮೊದಲು ಕೇಳಿಕೊಳ್ಳಿ ಎಂದರು.

"ಅದು ಸರಿ ಸರ್. ಪಾಲು?"

"ಅದೆಂತ ಈಗ್ಲೇ ಹೇಳೂಕೆ ಬರೂದಿಲ್ಲ" ಎಂದರು ಶ್ರೀಧರ ಸರ್. "ಹೊಸ ಬ್ಯಾಚು ಬರ್ಲಿ, ನೋಡ್ವ."